ಅಣ್ಣನ ಕಾಲಬುಡದ ಪೆಟ್ಟಿಗೆ

ಫೆಬ್ರವರಿ 9

ಕಚೇರಿಯ ದಾಖಲೆ ಪುಸ್ತಕದಲ್ಲಿ ಇವತ್ತು ನಾಲ್ಕೇ ಸಾಲು ಬರೆದೆ. ಮೂರನೆಯ ಮಾದರಿ ಸಿದ್ಧ. ತೂಕ ನಾಲ್ಕು ಕಿಲೋ ಇನ್ನೂರು ಗ್ರಾಂ. ತಂತಿ ಮೀಟಿದ ಮೇಲೆ ದನಿ ಹೊರಬರಲು ಎರಡೂವರೆ ಮಿಲಿಸೆಕೆಂಡ್. ಪರೀಕ್ಷೆಗಾಗಿ ವಾದಕರಿಗೆ ಕೊಡಲಾಗಿದೆ.

ಆ ವಾದಕರು ನನ್ನ ಅಣ್ಣ ಎಂದು ಅಲ್ಲಿ ಬರೆಯುವ ಹಾಗಿಲ್ಲ. ಅವನು ಪೆಟ್ಟಿಗೆಯನ್ನು ಕೈಗೆತ್ತಿಕೊಂಡು, "ಇದರಲ್ಲಿ ಊಟ ಕಟ್ಕೊಂಡು ಹೋಗಬಹುದಾ?" ಎಂದು ಕೇಳಿದ್ದನ್ನಂತೂ ಬರೆಯುವ ಹಾಗೇ ಇಲ್ಲ. ಅದಕ್ಕೇ ಈ ನೋಟ್‌ಬುಕ್ಕು.

ಅತ್ತಿಗೆ ತಾವು ಕೆಲಸ ಮಾಡುವ ಕನ್ನಡಕದ ಅಂಗಡಿಯಿಂದ ಆಗಷ್ಟೇ ಬಂದಿದ್ದರು. "ಏಳು ವರ್ಷದಿಂದ ಇದನ್ನೇ ಮಾಡ್ತಿದ್ದೀಯ. ಇದು ಏನು ಮಾಡುತ್ತೆ ಅಂತ ಇವತ್ತಾದರೂ ನೆಟ್ಟಗೆ ಹೇಳಮ್ಮ" ಎಂದರು. ಹೇಳಿದೆ. ಗಿಟಾರಿಗೆ ಬೇಕಾಗುವ ಆಂಪ್ಲಿಫೈಯರ್ ಇದೆಯಲ್ಲ, ಗಾಜಿನ ವಾಲ್ವುಗಳ ಆ ಮಣಭಾರದ ಪೆಟ್ಟಿಗೆ, ಅದರ ದನಿಯನ್ನು ಲೆಕ್ಕ ಹಾಕಿ ಹಾಗೆಯೇ ಹುಟ್ಟಿಸುವ ಯಂತ್ರ ಇದು. ಮಾಡೆಲರ್ ಎನ್ನುತ್ತಾರೆ. ನೆಲದ ಮೇಲಿಟ್ಟು ಕಾಲಿನಿಂದ ನಡೆಸಬೇಕು. ಸಾಲಾಗಿ ಏಳು ಸ್ವಿಚ್ಚು, ಪಕ್ಕದಲ್ಲೊಂದು ಪೆಡಲ್ಲು. ಒಂದನ್ನು ಒತ್ತಿದರೆ ಮೆದು ದನಿ, ಇನ್ನೊಂದನ್ನು ಒತ್ತಿದರೆ ಒರಟು, ಮತ್ತೊಂದಕ್ಕೆ ಬಾವಿಯೊಳಗೆ ಕೂಗಿದ ಹಾಗೆ ಮಾರ್ದನಿ.

"ಅಂದ್ರೆ ಇವರು ಇನ್ನು ಮೇಲೆ ಆ ಪೆಟ್ಟಿಗೆ ಹೊರೋದು ಬೇಡ" ಎಂದರು ಅತ್ತಿಗೆ. ಅವರಿಗೆ ಅಷ್ಟು ಸಾಕಾಯಿತು.

ನಮ್ಮ ಕಂಪನಿಯ ಯಜಮಾನರು ಹಟ ಹಿಡಿದಿದ್ದಾರೆ. ಹೋದ ಸಲ ನಾವು ಮಾಡಿದ ಯಂತ್ರ ತುಂಬಿದ ಸಭೆಯಲ್ಲಿ ಕೈಕೊಟ್ಟಿತ್ತು. ಈ ಸಲ ನಿಜವಾದ ವಾದಕರ ಕೈಯಲ್ಲಿ ಮೂವತ್ತು ಕಾರ್ಯಕ್ರಮ ಮುಗಿಯದೆ ಕಾರ್ಖಾನೆಗೆ ಕಳಿಸುವುದಿಲ್ಲವಂತೆ. "ಇಪ್ಪತ್ತೊಂಬತ್ತು ಆದ್ರೂ ಕಳ್ಸಲ್ಲ" ಎಂದಿದ್ದಾರೆ.

ಅಣ್ಣನಿಗಿಂತ ನಿಜವಾದ ವಾದಕ ನನಗೆ ಗೊತ್ತಿಲ್ಲ. ಮೂವತ್ತೊಂದು ವರ್ಷದಿಂದ ವೇದಿಕೆಯ ಮೇಲಿದ್ದಾನೆ. ಅಪ್ಪ ಹೋದ ಮೇಲೆ ನಾನು ಓದಿದ್ದು ಅವನ ಬೆರಳುಗಳಿಂದ.

ಫೆಬ್ರವರಿ 14

ಮೊದಲ ಕಾರ್ಯಕ್ರಮ. ಹೋಟೆಲೊಂದರ ಹಾಲ್‌ನಲ್ಲಿ ಯಾವುದೋ ಕಂಪನಿಯ ವಾರ್ಷಿಕೋತ್ಸವ. ಯಂತ್ರ ಒಮ್ಮೆಯೂ ತಪ್ಪಲಿಲ್ಲ. ತಪ್ಪಿದ್ದು ಅಣ್ಣ.

ಎರಡನೆಯ ಹಾಡಿನ ನಡುವೆ ಅವನೊಬ್ಬನೇ ನುಡಿಸುವ ಭಾಗ ಬರುತ್ತದೆ. ಅಲ್ಲಿ ನಾಲ್ಕನೆಯ ಸ್ವಿಚ್ ಒತ್ತಬೇಕು. ಕಾಲು ಐದರ ಮೇಲೆ ಬಿತ್ತು. ಎದೆ ಸೀಳಿಕೊಂಡು ಬರಬೇಕಾದ ದನಿ ಬಾವಿಯೊಳಗಿಂದ ಬಂತು. ಅಣ್ಣ ತಲೆ ಬಗ್ಗಿಸಿ ಕಾಲು ನೋಡಿದ. ಅವನು ಕಾಲು ನೋಡಿಕೊಂಡು ನುಡಿಸಿದ್ದನ್ನು ನಾನು ಹಿಂದೆಂದೂ ಕಂಡಿಲ್ಲ. ಆಮೇಲೂ ಎರಡು ಸಲ ಹಾಗೇ ಆಯಿತು.

ಡ್ರಮ್ಸ್ ನುಡಿಸುವ ಗಡಿಯಾರ ನನ್ನ ಬಳಿ ಬಂದು, "ಸ್ವಿಚ್ಚು ತೀರ ಹತ್ತಿರ ಹತ್ತಿರ ಇದಾವೇನೋ" ಎಂದ. ತಾಳ ಬಿಟ್ಟು ಉಳಿದ ಎಲ್ಲದಕ್ಕೂ ತಡವಾಗಿ ಬರುವವನಾದ್ದರಿಂದ ಅವನಿಗೆ ಆ ಹೆಸರು. ಅಣ್ಣನನ್ನು ಬಿಟ್ಟುಕೊಡಲಾರದ ಗೆಳೆಯ. ಸ್ವಿಚ್ಚುಗಳ ನಡುವೆ ಎಪ್ಪತ್ತು ಮಿಲಿಮೀಟರ್ ಇದೆ. ನಲವತ್ತು ಜನರ ಪಾದ ಅಳೆದು ಇಟ್ಟ ಅಂತರ ಅದು.

ಅಭ್ಯಾಸ ಮಾಡಿಲ್ಲ, ಅಷ್ಟೆ. ಪೆಟ್ಟಿಗೆ ಕೊಟ್ಟು ಐದು ದಿನವಾದರೂ ಚೀಲದಿಂದ ತೆಗೆದಿರಲಿಕ್ಕಿಲ್ಲ. ನನ್ನ ಕೆಲಸವೆಂದರೆ ಅವನಿಗೆ ಮೊದಲಿಂದಲೂ ಆಟ.

ಫೆಬ್ರವರಿ 17

ಕೆಲಸ ಮುಗಿಸಿ ಅಣ್ಣನ ಮನೆಗೆ ಹೋದೆ. ಮುಖ ಊದಿಸಿಕೊಂಡೇ ಹೋಗಿದ್ದೆ. ನೋಡಿದರೆ ಪೆಟ್ಟಿಗೆ ನಡುಮನೆಯ ನೆಲದ ಮೇಲೆಯೇ ಇತ್ತು. ಐದು ದಿನವೂ ಅವನು ಅಭ್ಯಾಸ ಮಾಡಿದ್ದನೆಂದು ಅತ್ತಿಗೆ ಹೇಳಿದರು.

"ಮತ್ತೆ ಯಾಕೆ ತಪ್ಪುತ್ತೆ?" ಎಂದು ಕೇಳಿದೆ.

"ನೆಲ ಸಿಗ್ತಿಲ್ಲ ಕಣೆ."

"ಅಂದ್ರೆ?"

"ಅಂದ್ರೆ ಹತ್ತಿ ಮೇಲೆ ಕಾಲಿಟ್ಟ ಹಾಗೆ. ಹಳೇ ಆಂಪು ಹಿಂದೆ ಇದ್ದಾಗ ಪ್ಯಾಂಟಿನ ಅಂಚು ಅಲುಗ್ತಿತ್ತು, ಮೀನಖಂಡಕ್ಕೆ ಗಾಳಿ ಬಂದು ಬಡೀತಿತ್ತು. ದನಿ ಕಿವಿಗೆ ಬರೋ ಮುಂಚೆ ಕಾಲಿಗೆ ಬರ್ತಿತ್ತು. ಈಗ ಏನೂ ಇಲ್ಲ."

ಹಳೆಯ ಆಂಪ್ಲಿಫೈಯರ್ ಬಿಟ್ಟು ಬಂದವರೆಲ್ಲ ಹೀಗೇ ಹೇಳುತ್ತಾರೆ. ಈಗ ದನಿ ತಂತಿಯಲ್ಲಿ ನೇರವಾಗಿ ಸಭೆಯ ದೊಡ್ಡ ಸ್ಪೀಕರಿಗೆ ಹೋಗುತ್ತದೆ, ವಾದಕನಿಗೆ ಕಿವಿಯೊಳಗಿಟ್ಟ ಪುಟ್ಟ ಇಯರ್‌ಫೋನಿನಲ್ಲಿ ಕೇಳುತ್ತದೆ. ಹಿಂದಿನಿಂದ ಗಾಳಿ ಎಲ್ಲಿಂದ ಬರಬೇಕು. ಆದರೂ ದೂರು ದೂರೇ. ಬರೆದುಕೊಂಡೆ. ದೂರು: ನೆಲ ಸಿಗುತ್ತಿಲ್ಲ. ಕಾರಣ: ಅಡಿಯ ರಬ್ಬರು ಮೆತ್ತಗಿದ್ದು ಪೆಟ್ಟಿಗೆ ಅಲುಗುತ್ತದೆ. ಪರಿಹಾರ: ಗಟ್ಟಿ ರಬ್ಬರು.

"ಇವರದು ಇತ್ತೀಚೆಗೆ ಎಲ್ಲಾ ಮರೆವು" ಎಂದರು ಅಡುಗೆಮನೆಯಿಂದ ಆಗ ಹೊರಬಂದ ಅತ್ತಿಗೆ. "ಮೊನ್ನೆ ಅಂಗಡಿಯಿಂದ ಒಂದೇ ಚಪ್ಪಲೀಲಿ ಬಂದ್ರು. ಇನ್ನೊಂದು ದಾರೀಲಿ ಕಳಚಿದೆ. ಬಾಗಿಲ ಹತ್ರ ನಾನು ಹೇಳೋ ತನಕ ಗೊತ್ತಿಲ್ಲ."

ಮೂವರೂ ನಕ್ಕೆವು. ಅಣ್ಣ ಎಲ್ಲರಿಗಿಂತ ಜೋರಾಗಿ ನಕ್ಕ.

ನನಗೊಂದು ಉಪಾಯ ಹೊಳೆಯಿತು. ಅವನ ಶೂಗಳ ತಳ ಹೆಬ್ಬೆರಳಷ್ಟು ದಪ್ಪ. "ಶೂ ಬಿಚ್ಚಿ, ಬರೀ ಕಾಲಲ್ಲಿ ಒತ್ತು ನೋಡು. ಸ್ವಿಚ್ ಕೂತಿದ್ದು ಗೊತ್ತಾಗುತ್ತೆ" ಎಂದೆ. ಬಿಚ್ಚಿದ. ಒತ್ತಿದ.

"ಈಗ?"

ನನ್ನ ಮುಖ ನೋಡಿದ. "ಹ್ಞೂಂ, ಈಗ ಪರವಾಗಿಲ್ಲ" ಎಂದ.

ಫೆಬ್ರವರಿ 25

ಮೂರು ದಿನ ಬೆಂಚು ಬಿಟ್ಟು ಏಳಲಿಲ್ಲ. ಸ್ವಿಚ್ಚುಗಳ ಸ್ಪ್ರಿಂಗ್ ಬದಲಿಸಿದೆ, ಈಗ ಬೆರಳು ತಾಗಿದರೂ ಕೂರುತ್ತವೆ. ಸುತ್ತಲಿನ ಬೆಳಕಿನ ಬಳೆಗಳನ್ನು ದೊಡ್ಡದು ಮಾಡಿದೆ, ನಿಂತಲ್ಲಿಂದಲೇ ಕಾಣಲಿ ಎಂದು. ದೊಡ್ಡ ಬಳೆ ಕೂರಿಸಲು ಮೇಲಿನ ಅಲ್ಯೂಮಿನಿಯಂ ತಗಡಿನ ತೂತುಗಳನ್ನು ಕೈಯಿಂದಲೇ ಅಗಲಿಸಬೇಕಾಯಿತು. ನಾಲ್ಕನೆಯದರ ಬಳೆ ಕೂದಲೆಳೆಯಷ್ಟು ಕೆಳಗೆ ಕೂತಿದೆ, ತಗಡಿನ ಅಂಚು ಮೇಲೆ ಉಳಿದಿದೆ. ಅರ ಹಾಕಿ ಉಜ್ಜಬೇಕಿತ್ತು. ಪೆಟ್ಟಿಗೆ ಒಯ್ಯಲು ಗಡಿಯಾರ ಆಗಲೇ ಕೆಳಗೆ ಬಂದು ಹಾರ್ನ್ ಹೊಡೆಯುತ್ತಿದ್ದ. ಅಪರೂಪಕ್ಕೆ ಸರಿಯಾದ ಹೊತ್ತಿಗೆ ಬಂದಿದ್ದ.

ಮಾದರಿ ತಾನೇ. ಕಾರ್ಖಾನೆಯಲ್ಲಿ ಅಚ್ಚಿನಿಂದ ಬರುವಾಗ ಇದೆಲ್ಲ ಸರಿಯಾಗುತ್ತದೆ.

ಮಾರ್ಚ್ 7

ಹನ್ನೆರಡನೆಯ ಕಾರ್ಯಕ್ರಮ. ಒಂದೂ ತಪ್ಪಲಿಲ್ಲ.

ಇವತ್ತು ನಾನು ಸಭೆಯ ಹಿಂದೆ, ದನಿ ಹದಮಾಡುವವರ ಮೇಜಿನ ಪಕ್ಕ ನಿಂತಿದ್ದೆ. ಅಣ್ಣ ಬರಿಗಾಲಲ್ಲಿ ಬಂದ. ಅದೇನೋ ಹೊಸ ಶೋಕಿ ಎಂದು ಮುಂದಿನ ಸಾಲಿನವರು ಶಿಳ್ಳೆ ಹಾಕಿದರು. ಮೆದುವಿನಿಂದ ಒರಟಿಗೆ, ಒರಟಿನಿಂದ ಮಾರ್ದನಿಗೆ, ದನಿ ಸಂದಿಲ್ಲದೆ ಹೊರಳಿತು. ಪಕ್ಕದಲ್ಲಿದ್ದವರು, "ಆಂಪು ಎಲ್ಲಿಟ್ಟಿದ್ದಾರೆ, ಕಾಣಿಸ್ತಿಲ್ಲ" ಎಂದು ಕೇಳಿದರು. ಏಳು ವರ್ಷದಿಂದ ಆ ಪ್ರಶ್ನೆಗಾಗಿ ಕಾದಿದ್ದೆ.

ಇಡೀ ಹೊತ್ತು ಅಣ್ಣ ತಲೆ ಬಗ್ಗಿಸಿ ಬೆಳಕಿನ ಬಳೆಗಳನ್ನೇ ನೋಡುತ್ತಿದ್ದ. ಮೈಮರೆತು ನುಡಿಸುತ್ತಿದ್ದಾನೆ ಎಂದು ಜನ ಅಂದುಕೊಂಡಿರಬೇಕು. ನಾನೂ ಹಾಗೇ ಅಂದುಕೊಂಡೆ.

ಮುಗಿದ ಮೇಲೆ ಪೆಟ್ಟಿಗೆ ತೆಗೆದುಕೊಳ್ಳಲು ಹೋದರೆ ಅವನು ನೆಲದ ಮೇಲೆ ಕೂತು ಕರವಸ್ತ್ರದಿಂದ ಅದನ್ನು ಒರೆಸುತ್ತಿದ್ದ. ಅಷ್ಟು ಅಕ್ಕರೆಯಿಂದ. "ಬಿಡು ಅಣ್ಣ, ನಾನು ಒರೆಸ್ಕೋತೀನಿ" ಎಂದೆ. "ಇರು, ಬೆವರು ಬಿದ್ದಿದೆ" ಎಂದು ಪೂರ್ತಿ ಒರೆಸಿಯೇ ಕೊಟ್ಟ.

ಮಾರ್ಚ್ 8

ಭಾನುವಾರ. ಹತ್ತು ಗಂಟೆಯವರೆಗೆ ಮಲಗಿದ್ದೆ. ಯಾವ ಕಾಲದಲ್ಲೋ ಹೀಗೆ ಮಲಗಿದ್ದು.

ಮಾರ್ಚ್ 19

ಮಧ್ಯಾಹ್ನ ಅತ್ತಿಗೆಯ ಫೋನು. ಅಣ್ಣ ಆಸ್ಪತ್ರೆಯಲ್ಲಿ. ಎರಡು ದಿನದಿಂದ ಜ್ವರವಿತ್ತು, ಯಾರಿಗೂ ಹೇಳಿರಲಿಲ್ಲ. ಇವತ್ತು ಬೆಳಗ್ಗೆ ಕೋಣೆಯಲ್ಲಿ ಏನೋ ವಾಸನೆ ಎಂದು ಅತ್ತಿಗೆ ಮಂಚದ ಕೆಳಗೆಲ್ಲ ಹುಡುಕಿದ್ದಾರೆ. ವಾಸನೆ ಬಂದದ್ದು ಅವನ ಕಾಲಿನಿಂದ. ಬಲಗಾಲಿನ ಹೆಬ್ಬೆರಳ ಕೆಳಗೆ ಗಾಯ. ಕಾಲುಚೀಲ ಅದಕ್ಕೆ ಅಂಟಿಕೊಂಡಿತ್ತಂತೆ.

"ನೋವಾಗ್ಲಿಲ್ವಾ ಅಂತ ಕೇಳಿದ್ರೆ ಇಲ್ಲ ಅಂತಾರೆ. ಇಷ್ಟು ದೊಡ್ಡ ಗಾಯ, ನೋವಾಗ್ಲಿಲ್ಲ ಅಂದ್ರೆ ಏನರ್ಥ?" ಎಂದು ಅತ್ತಿಗೆ ನನ್ನನ್ನೇ ಕೇಳಿದರು. ಇಂಜಿನಿಯರಿಗೆ ಎಲ್ಲ ಗೊತ್ತಿರುತ್ತದೆ ಎಂದು ಅವರ ನಂಬಿಕೆ.

ಮಾರ್ಚ್ 20

ಡಾಕ್ಟರು ನನ್ನ ವಯಸ್ಸಿನವರೇ, ಮೆಲುದನಿಯ ಹೆಂಗಸು. ಅಣ್ಣನಿಗೆ ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ ಇರುವುದು ನಮಗೂ ಗೊತ್ತಿತ್ತು. ಅದರಿಂದ ಪಾದದ ನರಗಳು ಕೆಲಸ ನಿಲ್ಲಿಸಿವೆ ಎಂದರು. ಮೊನ್ನೆಮೊನ್ನೆ ಆದದ್ದಲ್ಲ, ಎರಡು ಮೂರು ವರ್ಷದಿಂದ ನಿಧಾನವಾಗಿ ಆಗಿರುವುದು. "ಹತ್ತಿ ಮೇಲೆ ನಡೆದ ಹಾಗೆ ಅಂತ ಇವರು ಯಾವತ್ತೂ ಹೇಳಿರಲಿಲ್ವಾ?" ಎಂದು ಕೇಳಿದರು.

ಅತ್ತಿಗೆ ಇಲ್ಲ ಎಂದರು. ನಾನು ಅದನ್ನು ರಬ್ಬರಿನ ದೂರು ಎಂದು ಬರೆದುಕೊಂಡಿದ್ದೆ.

"ಏನೋ ಹರಿತವಾದದ್ದು ತುಳಿದಿದ್ದಾರೆ. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಕೊಯ್ದಿದೆ. ಏನು ಅಂತ ಗೊತ್ತಾ?"

"ಗೊತ್ತಿಲ್ಲ ಡಾಕ್ಟ್ರೇ" ಎಂದ ಅಣ್ಣ. "ಬರಿಗಾಲಲ್ಲಿ ಓಡಾಡ್ತೀನಿ. ಎಲ್ಲೋ ತಾಗಿರಬೇಕು."

ಆ ಮಾತು ಹೇಳುವಾಗ ಅವನು ನನ್ನ ಕಡೆ ನೋಡಲಿಲ್ಲ.

ಮಾರ್ಚ್ 23

ಪೆಟ್ಟಿಗೆಯನ್ನು ಅಣ್ಣನ ಮನೆಯಿಂದ ತಂದೆ. ಬೇರೆ ವಾದಕರಿಗೆ ಕೊಡುವ ಮುಂಚೆ ಒಳಗೆಲ್ಲ ನೋಡಿಬಿಡು ಎಂದು ಯಜಮಾನರು ಹೇಳಿದ್ದರು. ಎಂಟು ಸ್ಕ್ರೂ ಬಿಚ್ಚಿ ಮೇಲಿನ ತಗಡನ್ನು ತಿರುವಿ ಹಾಕಿದೆ.

ಮೇಲುಭಾಗ ಚೊಕ್ಕಟವಾಗಿತ್ತು. ಕೆಳಭಾಗದಲ್ಲಿ, ನಾಲ್ಕನೆಯ ತೂತಿನ ಸುತ್ತ, ಒಣಗಿದ ಕಂದು ಕಲೆ. ಬೆಳಕಿನ ಬಳೆಯ ಒಳಗೂ ಇಳಿದಿತ್ತು. ಬೆರಳಿನಿಂದ ಅಂಚನ್ನು ಸವರಿದೆ. ನನ್ನ ಬೆರಳು ಚುರ್ರೆಂದಿತು. ನನಗೆ ತಕ್ಷಣ ಗೊತ್ತಾಯಿತು.

ಆಮೇಲೆ ನಾನು ಮಾಡಿದ್ದನ್ನು ಬರೆಯಲೇಬೇಕು. ಅರ ತೆಗೆದುಕೊಂಡು ಆ ಅಂಚನ್ನು ಉಜ್ಜಿದೆ. ನುಣ್ಣಗಾಗುವ ತನಕ ಉಜ್ಜಿದೆ. ಕಲೆಯನ್ನು ಸ್ಪಿರಿಟ್ಟಿನಲ್ಲಿ ಒರೆಸಿದೆ. ಎಂಟು ಸ್ಕ್ರೂ ವಾಪಸ್ಸು ಹಾಕಿದೆ. ಯಜಮಾನರು ಬಂದು, "ಏನಾದ್ರೂ ಸಿಕ್ತಾ?" ಎಂದರು.

"ಇಲ್ಲ, ಎಲ್ಲಾ ಸರಿಯಿದೆ" ಎಂದೆ.

ಮಾರ್ಚ್ 24

ಆಸ್ಪತ್ರೆಗೆ ಹೋಗಲಿಲ್ಲ. ಕೆಲಸ ಇದೆ ಎಂದು ಹೇಳಿ ಕಳಿಸಿದೆ. ಕೆಲಸ ಇರಲಿಲ್ಲ.

ಮಾರ್ಚ್ 27

ಬಲಗಾಲಿನ ಐದೂ ಬೆರಳು ಮತ್ತು ಪಾದದ ಮುಂಭಾಗ ತೆಗೆದರು. ಎರಡು ಗಂಟೆ ಹಿಡಿಯಿತು. ಗಡಿಯಾರ ನಮಗಿಂತ ಮುಂಚೆಯೇ ಬಂದು ಬೆಂಚಿನ ಮೇಲೆ ಕೂತಿದ್ದ. ಇಡೀ ಹೊತ್ತು ಎರಡು ಬೆರಳಿನಿಂದ ತೊಡೆಯ ಮೇಲೆ ಏನೋ ಬಾರಿಸುತ್ತಿದ್ದ. ಅತ್ತಿಗೆ ಅವನ ಕೈ ಹಿಡಿದು ನಿಲ್ಲಿಸಿದರು.

ಏಪ್ರಿಲ್ 6

ಯಜಮಾನರು ನನ್ನನ್ನು ಕೂರಿಸಿಕೊಂಡು ಮಾತಾಡಿದರು. ಹಳೆಯ ರೇಡಿಯೋ ರಿಪೇರಿಯವರು, ಮಾತಿಗಿಂತ ಕೈ ಚುರುಕು. ಮಾತಾಡುವಾಗ ಒಂದು ಸ್ಕ್ರೂ ಡ್ರೈವರನ್ನು ತಿರುಗಿಸುತ್ತಲೇ ಇರುತ್ತಾರೆ. "ನಿಮ್ಮಣ್ಣನ ಹದಿನಾಲ್ಕು ಕಾರ್ಯಕ್ರಮ ಲೆಕ್ಕಕ್ಕೆ ಬರುತ್ತೆ. ಉಳಿದ ಹದಿನಾರಕ್ಕೆ ಬೇರೆಯವರನ್ನ ಹಿಡಿದಿದ್ದೀನಿ. ನೀನು ಒಂದಷ್ಟು ದಿನ ರಜೆ ತಗೋ" ಎಂದರು. ನಾನು ತಲೆಯಾಡಿಸಿದೆ.

ಸಂಜೆ ಅಣ್ಣನ ಮನೆಗೆ ಹೋದೆ. ಅವನು ನಿದ್ದೆಯಲ್ಲಿದ್ದ. ಅಡುಗೆಮನೆಯಲ್ಲಿ ಅತ್ತಿಗೆಗೆ ಪಾತ್ರೆ ಒರೆಸಿಕೊಡುತ್ತಾ, ಚೇತರಿಸಿಕೊಂಡ ಮೇಲೆ ಕೂತು ನುಡಿಸಬಹುದು, ಅದಕ್ಕೆ ತಕ್ಕ ಹಾಗೆ ಪೆಟ್ಟಿಗೆ ಬದಲಿಸಿಕೊಡುತ್ತೇನೆ, ಮೊಣಕೈಯಲ್ಲಿ ಒತ್ತುವ ಸ್ವಿಚ್ ಮಾಡಬಹುದು ಎಂದೆಲ್ಲ ಹೇಳುತ್ತಿದ್ದೆ.

ಅತ್ತಿಗೆ ನಲ್ಲಿ ನಿಲ್ಲಿಸಿದರು.

"ಹೋದ ವರ್ಷವೇ ಬಿಟ್ಬಿಡ್ತೀನಿ ಅಂದಿದ್ರು ಕಣಮ್ಮ. ನಿಲ್ಲೋಕೆ ಆಗ್ತಿಲ್ಲ, ಸಾಕು, ಮನೇಲಿ ನಾಲ್ಕು ಜನಕ್ಕೆ ಪಾಠ ಹೇಳ್ಕೊಂಡು ಇರ್ತೀನಿ ಅಂದ್ರು. ಆಮೇಲೆ ನಿನ್ನ ಪೆಟ್ಟಿಗೆ ಬಂತು. 'ಅವಳದ್ದು ಮುಗಿದುಬಿಡಲಿ' ಅಂದ್ರು. ನಾನೂ ಹ್ಞೂಂ ಅಂದೆ. ನಿನ್ನ ಮೇಲೆ ಸಿಟ್ಟಿನಿಂದ ಹೇಳ್ತಿಲ್ಲ. ಹೇಳದೆ ಇದ್ರೆ ನನಗೆ ಊಟ ಸೇರಲ್ಲ, ಅದಕ್ಕೆ ಹೇಳಿದೆ."

ಮತ್ತೆ ನಲ್ಲಿ ತಿರುಗಿಸಿದರು. ನಾನು ಉಳಿದ ಪಾತ್ರೆಗಳನ್ನೂ ಒರೆಸಿ ಇಟ್ಟು ಬಂದೆ.

ಏಪ್ರಿಲ್ 11

ಮೊಣಕೈ ಸ್ವಿಚ್ಚಿನ ಚಿತ್ರ ಬರೆದಿದ್ದೆ. ಹರಿದು ಹಾಕಿದೆ.

ಏಪ್ರಿಲ್ 18

ಹೇಳಿಬಿಟ್ಟೆ.

ಅಣ್ಣ ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದ, ಕಾಲು ದಿಂಬಿನ ಮೇಲೆ. ಅತ್ತಿಗೆ ಅಂಗಡಿಗೆ ಹೋಗಿದ್ದರು. ಬಾಗಿಲಲ್ಲೇ ನಿಂತು ಹೇಳಿದೆ, ಒಳಗೆ ಹೋದರೆ ಹೇಳಲಾರೆ ಎಂದು. ಅಂಚು ಉಜ್ಜದೆ ಕೊಟ್ಟದ್ದು ನಾನು. ಶೂ ಬಿಚ್ಚು ಎಂದದ್ದು ನಾನು. ಕಲೆ ಸಿಕ್ಕಿದ ಮೇಲೆ ಒರೆಸಿ ಮುಚ್ಚಿದ್ದೂ ನಾನು.

"ಗೊತ್ತು" ಎಂದ. "ಮೇಲಿನದ್ದು ಒರೆಸಿದ್ದು ನಾನೇ ಅಲ್ವಾ."

ಅವತ್ತು ಅವನ ಕೈಯಲ್ಲಿದ್ದ ಕರವಸ್ತ್ರ ನೆನಪಾಯಿತು.

"ಅವತ್ತು ಹಾಡು ಮುಗಿದ ಮೇಲೆ ನೋಡ್ತೀನಿ, ಪೆಟ್ಟಿಗೆ ಮೇಲೆ ರಕ್ತ. ಯಾರದ್ದು ಅಂತ ಸುತ್ತ ಹುಡುಕಿದೆ. ಗಡಿಯಾರನ ಕೈ ನೋಡಿದೆ, ಅವನಿಗೆ ಕೋಲು ಹಿಡಿದು ಹಿಡಿದು ಬೆರಳು ಒಡೆಯುತ್ತಲ್ಲ. ಅವನದ್ದಲ್ಲ. ಆಮೇಲೆ ನನ್ನ ಕಾಲು ತಿರುಗಿಸಿ ನೋಡ್ಕೊಂಡೆ." ಸ್ವಲ್ಪ ಹೊತ್ತು ಹೊರಗೆ ನೋಡಿದ. "ನನ್ನ ರಕ್ತ ನನಗೇ ಬೇರೆಯವರದ್ದು ಅನ್ನಿಸ್ತು. ಅದನ್ನ ಯಾರಿಗೆ ಅಂತ ಹೇಳಲಿ?"

"ನನಗೆ ಹೇಳಬಹುದಿತ್ತು."

"ಹೇಳಿದ್ರೆ ನೀನು ಪೆಟ್ಟಿಗೆ ಕೆಲಸ ನಿಲ್ಲಿಸ್ತಿದ್ದೆ. ಏಳು ವರ್ಷ ಕಣೆ."

"ಪೆಟ್ಟಿಗೆ ಹಾಳಾಗಿ ಹೋಗಲಿ."

"ಹಾಗನ್ನಬೇಡ. ಪೆಟ್ಟಿಗೆ ಚೆನ್ನಾಗಿದೆ." ಅವನು ನಗುವುದಕ್ಕೆ ನೋಡಿದ. "ಅಂಚಿನಿಂದ ಗಾಯ ಆಯ್ತು, ಸರಿ. ಗಾಯ ಆಗಿದ್ದು ಗೊತ್ತಿದ್ದೂ ಡಾಕ್ಟ್ರ ಹತ್ರ ಹೋಗದೆ ಹನ್ನೆರಡು ದಿನ ಕಾಲುಚೀಲ ಹಾಕ್ಕೊಂಡು ಮುಚ್ಚಿಟ್ಟಿದ್ದು ಯಾರು? ನೀನು ಒರೆಸಿ ಮುಚ್ಚಿದ್ದು ದೊಡ್ಡದಲ್ಲ. ನಮ್ಮಿಬ್ಬರಿಗೂ ಒಂದೇ ಬುದ್ಧಿ."

ಒಳಗೆ ಬಾ ಎಂದು ಕೈ ಮಾಡಿದ. ಹೋದೆ. ಅವನು ನನ್ನ ತಲೆ ಮೇಲೆ ಕೈಯಿಟ್ಟಿದ್ದು ಅಪ್ಪ ಹೋದ ದಿನ ಬಿಟ್ಟರೆ ಇವತ್ತೇ.

ಅತ್ತಿಗೆ ಬಂದ ಮೇಲೆ ಅವರಿಗೂ ಹೇಳಿದೆ. ಅವರು ಒಳಗೆ ಹೋಗಿ ತಟ್ಟೆ ತಂದಿಟ್ಟರು. ಆಮೇಲೆ, "ಊಟ ಮಾಡ್ಕೊಂಡು ಹೋಗು" ಎಂದರು. ಮಾಡಿದೆ. ಇನ್ನೆರಡು ತಿಂಗಳು ಅವರು ನನ್ನ ಜೊತೆ ಸರಿಯಾಗಿ ಮಾತಾಡಲಿಕ್ಕಿಲ್ಲ. ಅದು ನ್ಯಾಯವೇ.

ಏಪ್ರಿಲ್ 20

ಯಜಮಾನರಿಗೂ ಹೇಳಿದೆ. ಸ್ಕ್ರೂ ಡ್ರೈವರ್ ಕೆಳಗಿಟ್ಟರು. ಸಿದ್ಧವಾಗಿದ್ದ ಮೂರೂ ಮಾದರಿಗಳನ್ನು ವಾಪಸ್ಸು ತರಿಸಿ, ಒಂದೊಂದು ಅಂಚನ್ನೂ ತಾವೇ ಕೈಯಾಡಿಸಿ ನೋಡಿದರು. ನನ್ನ ಮೇಲೆ ರೇಗಲಿಲ್ಲ. ರೇಗಿದ್ದರೆ ಚೆನ್ನಾಗಿತ್ತು.

ಮೇ 23

ಒಂದು ತಿಂಗಳಿಂದ ಈ ನೋಟ್‌ಬುಕ್ಕು ಮುಟ್ಟಿಲ್ಲ. ದಿನಾ ಸಂಜೆ ಅಣ್ಣನ ಮನೆಯಲ್ಲೇ ಕಳೆದುಹೋಗುತ್ತದೆ.

ಗಾಯ ಪೂರ್ತಿ ಒಣಗಿಲ್ಲ. ಊರುಗೋಲು ಹಿಡಿದು ಬಾಗಿಲ ತನಕ ನಡೆಯುತ್ತಾನೆ. ಇವತ್ತು ಗಡಿಯಾರ ಬಂದಿದ್ದಾಗ ಅಣ್ಣ ತಾನೇ ಮಾತು ತೆಗೆದ. ರೈಲ್ವೆ ನೌಕರರ ಕ್ಲಬ್ಬಿನಲ್ಲಿ ಜೂನ್ ತಿಂಗಳ ಕಾರ್ಯಕ್ರಮ ಇದೆಯಲ್ಲ, ಅದೊಂದು ಮುಗಿಸಿ ನಿಲ್ಲಿಸುತ್ತೇನೆ, ಹೇಳದೆ ಕೇಳದೆ ಎದ್ದು ಹೋದವನ ಹಾಗೆ ಬಿಡುವುದು ಬೇಡ ಎಂದ. ಕೂತು ನುಡಿಸುತ್ತಾನೆ. ಒಂದೇ ದನಿ ಸಾಕು, ಸ್ವಿಚ್ಚು ಗಿಚ್ಚು ಏನೂ ಬೇಡ.

"ನಾನು ಒತ್ತಿಕೊಡ್ತೀನಿ, ಕೈಯಲ್ಲಿ" ಎಂದೆ. ಬಾಯಿಂದ ಹೇಗೆ ಬಂತೋ.

"ವೇದಿಕೆ ಮೇಲೆ ನನ್ನ ಕಾಲಬುಡದಲ್ಲಿ ಕೂರ್ತೀಯಾ? ಜನ ನಗ್ತಾರೆ."

"ನಗ್ಲಿ."

ಅತ್ತಿಗೆ ಬಾಗಿಲಲ್ಲಿ ನಿಂತಿದ್ದರು. ಬೇಡ ಎನ್ನುತ್ತಾರೆ ಎಂದುಕೊಂಡೆ. "ಕೂರೋಕೆ ಒಂದು ಮಣೆ ತಗೊಂಡು ಹೋಗು. ನೆಲ ತಣ್ಣಗಿರುತ್ತೆ" ಎಂದರು.

ಮೇ 30

ಅಭ್ಯಾಸ. ಪೆಟ್ಟಿಗೆಯ ಒಳಗಿನ ಪ್ರತಿ ತಂತಿ ನನಗೆ ಗೊತ್ತು. ಹಾಡು ಗೊತ್ತಿಲ್ಲ. ಪ್ರತಿ ಸಲವೂ ತಡವಾಗಿ ಒತ್ತುತ್ತೇನೆ.

"ನೀನು ಕೇಳಿಸ್ಕೊಂಡು ಒತ್ತುತ್ತಿದ್ದೀಯ" ಎಂದ ಅಣ್ಣ. "ಕೇಳೋ ಹೊತ್ತಿಗೆ ಅದು ಮುಗಿದು ಹೋಗಿರುತ್ತೆ. ನಾನು ಉಸಿರು ತಗೊಳ್ಳೋದನ್ನ ನೋಡು. ದೊಡ್ಡ ಭಾಗ ಬರೋ ಮುಂಚೆ ನಾನು ಉಸಿರು ಎಳ್ಕೋತೀನಿ. ಆಗ ಒತ್ತು."

ನಲವತ್ತಾರು ವರ್ಷದಿಂದ ಇವನ ತಂಗಿ. ಇವನು ಉಸಿರು ಎಳೆದುಕೊಳ್ಳುವುದನ್ನು ನಾನು ನೋಡಿಯೇ ಇರಲಿಲ್ಲ.

ಜೂನ್ 13

ಆರು ಗಂಟೆಗೆ ಶುರು. ನೂರು ಜನ ಇದ್ದಿರಬಹುದು. ಅರ್ಧಕ್ಕರ್ಧ ಅಣ್ಣನ ವಯಸ್ಸಿನವರು, ಇಪ್ಪತ್ತು ವರ್ಷದಿಂದ ತಿಂಗಳಿಗೊಮ್ಮೆ ಇವನನ್ನು ಕೇಳುತ್ತಾ ಬಂದವರು. ಊರುಗೋಲು ಹಿಡಿದು ಅಣ್ಣ ವೇದಿಕೆಗೆ ಬಂದಾಗ ಯಾರೂ ಶಿಳ್ಳೆ ಹಾಕಲಿಲ್ಲ. ಒಬ್ಬರಾದ ಮೇಲೊಬ್ಬರು ಎದ್ದು ನಿಂತರು. ಅಣ್ಣ ಮೈಕಿನಲ್ಲಿ, "ಕೂತ್ಕೊಳ್ಳಿ, ನಾನೂ ಕೂರೋನೇ" ಎಂದ. ಆಗ ನಕ್ಕರು.

ನಾನು ಮಣೆಯ ಮೇಲೆ ಅವನ ಬಲಗಡೆ. ಮುಖ ಅವನ ಮೊಣಕಾಲಿನ ಎತ್ತರಕ್ಕೆ. ಪೆಟ್ಟಿಗೆ ನನ್ನೆದುರು. ಮೂರನೆಯ ಹಾಡಿನಲ್ಲಿ ನಾನು ಒಂದು ಕಡೆ ತಪ್ಪಿದೆ, ಒರಟು ದನಿಯ ಬದಲು ಮೆದು ದನಿ ಬಂತು. ಅವನು ಏನೂ ಆಗದವನ ಹಾಗೆ ತಂತಿಯನ್ನು ಜೋರಾಗಿ ಮೀಟಿ ಅದನ್ನೇ ಒರಟು ಮಾಡಿಕೊಂಡ. ಉಳಿದದ್ದೆಲ್ಲ ಅವನ ಉಸಿರು ನೋಡಿಯೇ ಒತ್ತಿದೆ. ಏಳನೆಯ ಹಾಡಿನ ಹೊತ್ತಿಗೆ ಅವನ ಎದೆ ಏರಿದಾಗ ನನ್ನದೂ ಏರುತ್ತಿತ್ತು.

ಕೊನೆಯದು ನಿಧಾನದ ಹಾಡು. ಅದಕ್ಕೆ ಮೂರು ಕಡೆ ಒತ್ತಬೇಕಿತ್ತು. ಶುರುವಾಗುವ ಮುಂಚೆ ಅಣ್ಣ ಬಗ್ಗಿ, "ಇದಕ್ಕೆ ಏನೂ ಬೇಡ. ಸುಮ್ನೆ ಕೂತ್ಕೋ" ಎಂದ. ಗಿಟಾರಿನ ಮೇಲಿನ ಪುಟ್ಟ ಗುಂಡಿಯನ್ನು ಕಿರುಬೆರಳಿನಿಂದ ತಿರುಗಿಸುತ್ತಾ ಅಷ್ಟರಲ್ಲೇ ಏರಿಸಿದ, ಇಳಿಸಿದ. ನನ್ನ ಕೈ ಮಡಿಲಲ್ಲಿತ್ತು. ಹಾಡು ಎಷ್ಟು ಹೊತ್ತಿತ್ತು ಗೊತ್ತಿಲ್ಲ. ಕೊನೆಯ ಸ್ವರ ಮುಗಿದರೂ ಗಡಿಯಾರ ತಾಳ ಬಡಿಯುತ್ತಲೇ ಇದ್ದ. ಅವನಿಗೆ ನಿಲ್ಲಿಸಲಾಗಲಿಲ್ಲ. ಅಣ್ಣ ತಿರುಗಿ ಅವನತ್ತ ನೋಡಿದ ಮೇಲೆ ನಿಂತಿತು.

ಆಮೇಲೆ ಅಣ್ಣ ತಂತಿಗಳನ್ನು ತಾನೇ ಸುತ್ತಿದ. ಯಾರ ಕೈಗೂ ಕೊಡಲಿಲ್ಲ. ಪ್ರತಿಯೊಂದನ್ನೂ ಸುತ್ತಿ, ಗಂಟು ಹಾಕಿ, ಗಡಿಯಾರನ ಚೀಲದಲ್ಲಿ ಹಾಕಿ, "ಇವೆಲ್ಲ ನಿಂದು" ಎಂದ.

ಜೂನ್ 29

ಗಾಯ ನೋಡಿ ಡಾಕ್ಟರಿಗೆ ಸಮಾಧಾನವಾಗಲಿಲ್ಲ. ಮುಂದಿನ ಸೋಮವಾರ ಬಂದು ದಾಖಲಾಗಿ ಎಂದರು. ಈ ಸಲ ತೆಗೆಯುವುದು ಮೊಣಕಾಲಿನ ಕೆಳಗಿಂದ.

ಬರುವಾಗ ಆಟೋದಲ್ಲಿ ಅತ್ತಿಗೆ ನನ್ನ ಕೈ ಹಿಡಿದುಕೊಂಡು ಕೂತಿದ್ದರು. ಮನೆ ಬಂದ ಮೇಲೂ ಬಿಡಲಿಲ್ಲ.

ಜುಲೈ 5

ಭಾನುವಾರ. ನಾಳೆಗೆ ಬೇಕಾದದ್ದನ್ನೆಲ್ಲ ಚೀಲಕ್ಕೆ ತುಂಬಿಟ್ಟು ಅತ್ತಿಗೆ ಔಷಧಿ ತರಲು ಹೋದರು. ಪಟ್ಟಿ ಬದಲಿಸುವ ಹೊತ್ತಾಗಿತ್ತು. ಇಷ್ಟು ದಿನ ಅವರೇ ಮಾಡುತ್ತಿದ್ದರು. "ಇವತ್ತು ನೀನು ಮಾಡು, ನೋಡಿದ್ದೀಯಲ್ಲ" ಎಂದು ಹೇಳಿ ಹೋದರು.

ಹಾಲು ಕಾಯಿಸುತ್ತಿದ್ದಾಗ ಯಜಮಾನರ ಫೋನು ಬಂದಿತ್ತು. ತೆಗೆಯಲಿಲ್ಲ. ಕಾರ್ಖಾನೆಯಿಂದ ಪೆಟ್ಟಿಗೆಗಳ ಮೊದಲ ಕಂತು ಬಂದಿದೆ ಎಂದು ಆಮೇಲೆ ಸಂದೇಶ ಕಳಿಸಿದ್ದಾರೆ. ನಾಡಿದ್ದು ಮಾತಾಡಿದರಾಯಿತು.

ಬಿಸಿನೀರು, ಹತ್ತಿ, ಬಟ್ಟೆ ಇಟ್ಟುಕೊಂಡು ಅಣ್ಣನ ಎದುರು ನೆಲದ ಮೇಲೆ ಕೂತೆ. ಪಟ್ಟಿ ಬಿಚ್ಚಿದೆ. ಅವನು ಬೇರೆ ಕಡೆ ನೋಡುತ್ತಿದ್ದ. ನಾನು ನೋಡಿದೆ. ಹೊಲಿಗೆಯ ಜಾಗ, ಅದರ ಪಕ್ಕ ಕಪ್ಪಾಗಿರುವುದು, ಎಲ್ಲವನ್ನೂ. ಒರೆಸಿ, ಔಷಧಿ ಹಚ್ಚಿ, ಹೊಸ ಪಟ್ಟಿ ಸುತ್ತಿದೆ. ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದುಕೊಂಡೆ.

"ಇಲ್ಲಿ ಮುಟ್ಟಿದ್ರೆ ಗೊತ್ತಾಗುತ್ತಾ ಅಣ್ಣ?"

"ಇಲ್ಲ."

ಕಣಕಾಲಿನ ಗಂಟಿನ ಮೇಲೆ ಕೈಯಿಟ್ಟೆ. "ಇಲ್ಲಿ?"

"ಮುಟ್ಟಿದ್ದೀಯಾ?"

"ಹ್ಞೂಂ."

"ಇಲ್ಲ, ಗೊತ್ತಾಗಲ್ಲ."

ನಾಲ್ಕು ಬೆರಳು ಮೇಲೆ. "ಇಲ್ಲಿ?" ಅವನು ಕಣ್ಣು ಮುಚ್ಚಿಕೊಂಡು ಇಲ್ಲವೆಂದು ತಲೆಯಾಡಿಸಿದ. ಇನ್ನೊಂದಿಷ್ಟು ಮೇಲೆ. ಮೀನಖಂಡದ ಅರ್ಧಕ್ಕೆ ಬಂದಾಗ ಅವನು ಉಸಿರು ಎಳೆದುಕೊಂಡ.

"ಹ್ಞಾಂ. ಅಲ್ಲಿ. ನಿನ್ನ ಕೈ ತಣ್ಣಗಿದೆ."

"ತೆಗೀಲಾ?"

"ಬೇಡ, ಇರಲಿ" ಎಂದ.

ಅತ್ತಿಗೆ ಬರುವ ತನಕ ಅಲ್ಲೇ ಕೈಯಿಟ್ಟುಕೊಂಡು ಕೂತಿದ್ದೆ.